ಲಕ್ವಾ ಹೊಡೆದ ಮೇಲೆ ಯಾವ ಥೆರಪಿ, ಎಲ್ಲಿ, ಎಷ್ಟು? ಕಲಬುರಗಿ ಕಡೆಯ ಮನೆಯವರಿಗೆ ಒಂದು ಹೋಲಿಕೆ

ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನಲ್ಲಿ ‘ಫಿಜಿಯೋಥೆರಪಿ ಮುಂದುವರಿಸಿ’ ಅಂತ ಬರೆದಿರುತ್ತಾರೆ. ಎಲ್ಲಿ, ಎಷ್ಟು ಹೊತ್ತು, ಯಾವ ಥರದ್ದು ಅನ್ನುವುದು ಅದರಲ್ಲಿ ಇರುವುದಿಲ್ಲ. ಮನೆಯವರು ಆ ಚೀಟಿ ಹಿಡಿದುಕೊಂಡು ಕೇಳುವುದು ಒಂದೇ ಮಾತು: “ಮುಂದ ಎಲ್ಲಿಗಿ ಒಯ್ಯಬೇಕ್ರಿ?” ಬೀಗರೊಬ್ಬರು ಹೈದರಾಬಾದ್ ಅನ್ನುತ್ತಾರೆ. ಓಣಿಯವರು ಸೊಲ್ಲಾಪುರ ಅನ್ನುತ್ತಾರೆ. ಇನ್ನೊಬ್ಬರು ಎಣ್ಣೆ ತಿಕ್ಕುವವರ ಊರಿನ ಹೆಸರು ಹೇಳುತ್ತಾರೆ. ಕಲಬುರಗಿ ಸುತ್ತಮುತ್ತ ಮನೆಗಳಿಗೆ ಹೋಗಿ ಫಿಜಿಯೋಥೆರಪಿ ಮಾಡಿಸುವುದು ನನ್ನ ಕೆಲಸ. ಈ ಪ್ರಶ್ನೆಗೆ ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ವಿಷಯ. ಇಲ್ಲಿ ಹೇಳುತ್ತಿರುವುದು ರಕ್ತ ಹೆಪ್ಪುಗಟ್ಟಿ ಮಿದುಳಿನ ನಾಳ ಮುಚ್ಚಿಕೊಂಡು ಆಗುವ ಪಾರ್ಶ್ವವಾಯುವಿನ ಬಗ್ಗೆ. ಡಾಕ್ಟರು ಇದನ್ನು ಇಸ್ಕೀಮಿಕ್ ಸ್ಟ್ರೋಕ್ ಅನ್ನುತ್ತಾರೆ. ಹೆಚ್ಚಿನ ಲಕ್ವಾಗಳು ಈ ಥರದವೇ. ಮಿದುಳಿನಲ್ಲಿ ರಕ್ತ ಸೋರಿ ಆಗಿದ್ದರೆ ಯಾವಾಗ ಎಬ್ಬಿಸಬೇಕು, ಬಿ.ಪಿ. ಎಷ್ಟಿರಬೇಕು ಅನ್ನುವ ಲೆಕ್ಕ ಬೇರೆ. ಅದನ್ನು ನಿಮ್ಮ ಡಾಕ್ಟರನ್ನೇ ಕೇಳಿ.

ಯಾವುದರಿಂದ ಅಳೆಯಬೇಕು?

ಸತ್ತ ಮಿದುಳಿನ ಭಾಗ ಮತ್ತೆ ಹುಟ್ಟುವುದಿಲ್ಲ. ಅದರ ಸುತ್ತಲಿನ ಭಾಗ, ಕೆಲವೊಮ್ಮೆ ಆಚೆ ಬದಿಯ ಭಾಗ, ಆ ಕೆಲಸವನ್ನು ಕಲಿತುಕೊಳ್ಳುತ್ತದೆ. ಅದು ಕಲಿಯುವುದು ಪೇಶಂಟ್ ತಾನಾಗಿ ಪ್ರಯತ್ನಪಟ್ಟು ಮತ್ತೆ ಮತ್ತೆ ಮಾಡಿದಾಗ. ಬೇರೆಯವರು ಕೈ ಎತ್ತಿ ಇಳಿಸಿದರೆ ಕೀಲು ಗಟ್ಟಿಯಾಗದೆ ಉಳಿಯುತ್ತದೆ, ಆದರೆ ಮಿದುಳಿಗೆ ಪಾಠ ಆಗುವುದು ತೀರಾ ಕಡಿಮೆ.

ಹಾಗಾಗಿ ಯಾವ ಸೆಂಟರ್, ಯಾವ ಮಶಿನ್, ಯಾವ ಪದ್ಧತಿ ಇದ್ದರೂ ನಾನು ಕೇಳುವುದು ಇಷ್ಟೇ: ಇದರಿಂದ ಪೇಶಂಟ್ ತಾನಾಗಿ ದಿನಕ್ಕೆ ಎಷ್ಟು ಸಲ, ಉಪಯೋಗಕ್ಕೆ ಬರುವ ಕೆಲಸವನ್ನು ಮಾಡುತ್ತಾನೆ? 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕ, ಕೆನಡಾದ ಥೆರಪಿ ಸೆಷನ್‌ಗಳಲ್ಲಿ ಪಕ್ಕದಲ್ಲೇ ಕೂತು ಎಣಿಸಿದರು. ಕೈಗೆ ಕೆಲಸದ ಅಭ್ಯಾಸ ಕೊಟ್ಟ ಒಂದು ಸೆಷನ್ನಿನಲ್ಲಿ ಅಂಥ ಚಲನೆ ಆಗಿದ್ದು ಸರಾಸರಿ 32 ಸಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಿದುಳಿನಲ್ಲಿ ಬದಲಾವಣೆ ಕಂಡಿದ್ದು ದಿನಕ್ಕೆ ನೂರಾರು ಸಲ ಮಾಡಿಸಿದಾಗ. ಅಲ್ಲಿನ ಒಳ್ಳೆಯ ಆಸ್ಪತ್ರೆಗಳಲ್ಲೇ ಹೀಗಿದ್ದರೆ ನಮ್ಮ ಅರ್ಧ ಗಂಟೆಯ ಸೆಷನ್ ಒಂದನ್ನೇ ನಂಬಿ ಕೂರುವ ಹಾಗಿಲ್ಲ, ಅಲ್ವಾ? ಇಂಗ್ಲೆಂಡಿನ ಸರ್ಕಾರಿ ಮಾರ್ಗಸೂಚಿ 2023ರಲ್ಲಿ ದಿನಕ್ಕೆ ಕನಿಷ್ಠ 3 ಗಂಟೆ, ವಾರಕ್ಕೆ 5 ದಿನ ರಿಹ್ಯಾಬ್ (ಸೋತ ಕೆಲಸವನ್ನು ಮತ್ತೆ ಕಲಿಸುವ ಥೆರಪಿಗಳು) ಕೊಡಬೇಕು ಎಂದಿತು. ಇದರಲ್ಲಿ ನಡಿಗೆ, ಕೈ, ಮಾತು ಎಲ್ಲ ಸೇರಿದೆ.

ಯಾವಾಗ ಶುರು ಮಾಡಬೇಕು?

ಬೇಗ, ಆದರೆ ಅವಸರ ಬೇಡ. 2015ರಲ್ಲಿ ಅವರ್ಟ್ ಅನ್ನುವ ದೊಡ್ಡ ಪ್ರಯೋಗದ ಫಲಿತಾಂಶ ಬಂತು. 5 ದೇಶಗಳ 2104 ಪೇಶಂಟ್‌ಗಳು ಅದರಲ್ಲಿದ್ದರು. ಲಕ್ವಾ ಆದ 24 ಗಂಟೆಯೊಳಗೇ ಹಾಸಿಗೆಯಿಂದ ಎಬ್ಬಿಸಿ ಪದೇಪದೇ ಜಾಸ್ತಿ ಹೊತ್ತು ನಿಲ್ಲಿಸಿ ನಡೆಸಿದವರಲ್ಲಿ, ಮೂರು ತಿಂಗಳ ನಂತರ ಚೆನ್ನಾಗಿದ್ದವರು ನೂರಕ್ಕೆ 46. ಮಾಮೂಲಿ ಆರೈಕೆ ಪಡೆದವರಲ್ಲಿ 50. ಮೊದಲ ದಿನ ಹೆಚ್ಚು ಎಳೆದಾಡಿದರೆ ನಷ್ಟವೇ. ಮೊದಲ ದಿನ ಮಗ್ಗಲು ಬದಲಿಸುವುದು, ಭುಜಕ್ಕೆ ದಿಂಬಿನ ಆಸರೆ, ನುಂಗುವ ಪರೀಕ್ಷೆ ಸಾಕು. ಆಮೇಲೆ ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಹೊತ್ತು ಕೂರಿಸಿ, ನಿಲ್ಲಿಸಿ.

ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ. ಖರ್ಚು ಮಾಡುವುದಿದ್ದರೆ, ಮನೆಯ ಒಬ್ಬರು ಕೆಲಸಕ್ಕೆ ರಜೆ ಹಾಕುವುದಿದ್ದರೆ, ಈ ತಿಂಗಳುಗಳಲ್ಲೇ ಹಾಕಲಿ. ಆದರೆ “ಆರು ತಿಂಗಳಾತು, ಇನ್ನೇನೂ ಆಗಂಗಿಲ್ಲ” ಅನ್ನುವ ಮಾತು ಸುಳ್ಳು. ಮುಂದೆ ಮಾತಿನ ಥೆರಪಿಯ ಭಾಗದಲ್ಲಿ ಅದಕ್ಕೆ ಪುರಾವೆ ಇದೆ.

ಜಾಗದ ಹೋಲಿಕೆ: ದೊಡ್ಡ ಊರು, ಹತ್ತಿರದ ಆಸ್ಪತ್ರೆ, ಮನೆ

ದೊಡ್ಡ ಊರಿನಲ್ಲಿ ಅಡ್ಮಿಟ್ ಮಾಡಿಕೊಂಡು ರಿಹ್ಯಾಬ್ ಕೊಡುವ ಸೆಂಟರ್‌ಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಹೈದರಾಬಾದಿನಲ್ಲಿ ಖಾಸಗಿಯವು ಇವೆ. ಇಂಥ ಕಡೆಯ ನಿಜವಾದ ಲಾಭ ಕಟ್ಟಡವೂ ಅಲ್ಲ, ಮಶಿನ್ನೂ ಅಲ್ಲ. ಫಿಜಿಯೋ, ಕೈಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್, ಮಾತು ಮತ್ತು ನುಂಗುವಿಕೆ ನೋಡುವವರು, ನರ್ಸ್, ಡಾಕ್ಟರು ಒಂದೇ ಪೇಶಂಟನ್ನು ಒಟ್ಟಿಗೆ ನೋಡುತ್ತಾರೆ. ಕೂರಲೂ ಆಗುತ್ತಿಲ್ಲ, ಮೂಗಿನ ನಳಿಕೆ ಇದೆ, ಮೂತ್ರದ ತೊಂದರೆ ಇದೆ, ಮಾತೂ ಹೋಗಿದೆ ಅನ್ನುವಂಥ ಪೇಶಂಟ್‌ಗೆ ಇದು ಬೇಕು. ಕೆಲವು ವಾರ ಇದ್ದು ಬರುವುದಕ್ಕೆ ಅರ್ಥ ಇದೆ.

ಇಷ್ಟು ಕಷ್ಟ ಇಲ್ಲದವರಿಗೆ, ಅಂದರೆ ಹಿಡಿದುಕೊಂಡು ನಿಲ್ಲುವ, ಮಾತು ಅರ್ಥ ಆಗುವ, ಬರೀ ಒಂದು ಕೈ ಒಂದು ಕಾಲು ಸೋತವರಿಗೆ, ಸಾಲ ಮಾಡಿ ಹೈದರಾಬಾದಿನಲ್ಲಿ ರೂಮ್ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಬಾಡಿಗೆ, ಊಟ, ಜೊತೆಗಿರುವವರ ಕೂಲಿ ನಷ್ಟ, ಎಲ್ಲ ಸೇರಿ ಒಂದು ತಿಂಗಳಿಗೇ ಕೈ ಖಾಲಿ ಆಗುತ್ತದೆ. ಊರಿಗೆ ಬಂದ ಮೇಲೆ ಥೆರಪಿಯೇ ನಿಂತುಹೋಗುತ್ತದೆ. ನಾನು ಜಾಸ್ತಿ ನೋಡುವುದು ಇದನ್ನೇ. ಇನ್ನೊಂದು, ಅಲ್ಲಿ ನುಣುಪಾದ ಟೈಲ್ಸ್ ಮೇಲೆ, ಎತ್ತರದ ಮಂಚದಿಂದ ಏಳಲು ಕಲಿತವರು ಇಲ್ಲಿ ಹೊರಸಿನಿಂದ ಏಳಲಾರದೆ ಕೂತುಬಿಡುತ್ತಾರೆ.

ಹತ್ತಿರದ ಆಸ್ಪತ್ರೆಗೆ ದಿನಾ ಹೋಗಿ ಬರುವುದು ಎರಡನೆಯ ದಾರಿ. ಕಲಬುರಗಿಯಲ್ಲಿ ಜಿಮ್ಸ್, ಇ.ಎಸ್.ಐ.ಸಿ., ಬಸವೇಶ್ವರ ಆಸ್ಪತ್ರೆ, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಇವೆ. ಇವೆಲ್ಲ ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆಗಳು. ಫಿಜಿಯೋ ಯಾವ ಹೊತ್ತಿಗೆ ಇರುತ್ತದೆ, ಮಾತಿನ ಥೆರಪಿಸ್ಟ್ ಇದ್ದಾರಾ ಅಂತ ಒಬ್ಬರು ಮೊದಲು ಹೋಗಿ ಕೇಳಿಕೊಂಡು ಬನ್ನಿ, ಆಮೇಲೆ ಪೇಶಂಟನ್ನು ಕರೆದೊಯ್ಯಿರಿ. ಇಲ್ಲಿ ಹಣ ಉಳಿಯುತ್ತದೆ. ಖರ್ಚಾಗುವುದು ಪೇಶಂಟ್‌ನ ಶಕ್ತಿ. ಹೆಂಗಸರಿಗೆ 2023ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ಉಚಿತ, ಹಾಗಾಗಿ ತಾಯಿ ಮಗಳು ಬಂದು ಹೋಗುವ ಚಾರ್ಜಿನ ಚಿಂತೆ ಇಲ್ಲ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಎತ್ತರ. ಚಿಂಚೋಳಿ, ಸುರಪುರ, ಔರಾದ್ ಕಡೆಯ ಹಳ್ಳಿಯಿಂದ ಬಿಸಿಲಲ್ಲಿ ಬಂದವರು ಥೆರಪಿ ಟೇಬಲ್ ತಲುಪುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಹಾಗಿದ್ದರೆ ದಿನಾ ಬರುವ ಬದಲು ವಾರಕ್ಕೆ ಎರಡು ಸಲ ಬನ್ನಿ. ಬಂದ ದಿನ ಹೊಸ ಅಭ್ಯಾಸ ಕಲಿತು, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ, ಉಳಿದ ದಿನ ಮನೆಯಲ್ಲಿ ಮಾಡಿಸಿ.

ಮೂರನೆಯದು ಫಿಜಿಯೋ ಮನೆಗೆ ಬರುವುದು. ಇದು ನನ್ನದೇ ಕೆಲಸ, ಆದರೂ ಅದರ ಕೊರತೆಯನ್ನೂ ಹೇಳಬೇಕು. ಲಾಭ ಏನೆಂದರೆ, ಪೇಶಂಟ್ ಬಿದ್ದು ಎದ್ದು ಬದುಕಬೇಕಾದ ಜಾಗದಲ್ಲೇ ಅಭ್ಯಾಸ ಆಗುತ್ತದೆ: ಅದೇ ಹೊಸ್ತಿಲು, ಅದೇ ಬಚ್ಚಲು, ಅದೇ ಕಟ್ಟೆ. ಕೊರತೆ ಏನೆಂದರೆ, ಬಂದವರು ಒಂದು ಗಂಟೆ ಇದ್ದು ಹೋಗುತ್ತಾರೆ. ಉಳಿದ ಹೊತ್ತು ಪೇಶಂಟ್ ಗೋಡೆ ನೋಡುತ್ತಾ ಮಲಗಿದರೆ ಆ ಗಂಟೆ ಸಾಲುವುದಿಲ್ಲ. ಬರುವವರು ಬಿ.ಪಿ.ಟಿ. ಅಥವಾ ಎಂ.ಪಿ.ಟಿ., ಅಂದರೆ ಫಿಜಿಯೋಥೆರಪಿ ಡಿಗ್ರಿ, ಓದಿದವರೇ ಅಂತ ಸಂಕೋಚ ಇಲ್ಲದೆ ಕೇಳಿ. ಕೇಳಿದರೆ ಯಾರಿಗೂ ಬೇಜಾರಾಗಬಾರದು.

ಬರೀ ಮನೆಯವರೇ ಮಾಡಿಸಿದರೆ ಸಾಕಾಗುವುದಿಲ್ಲವೇ? ಇದನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿದ್ದಾರೆ. ಅಟೆಂಡ್ ಅನ್ನುವ ಪ್ರಯೋಗ, ಭಾರತದ 14 ಆಸ್ಪತ್ರೆಗಳು, 1250 ಪೇಶಂಟ್‌ಗಳು, ಫಲಿತಾಂಶ ಬಂದಿದ್ದು 2017ರಲ್ಲಿ. ಅರ್ಧದಷ್ಟು ಜನರ ಮನೆಯವರಿಗೆ ರಿಹ್ಯಾಬ್ ಮಾಡಿಸುವುದನ್ನು ಕಲಿಸಿದರು, ಉಳಿದವರಿಗೆ ಮಾಮೂಲಿ ಆರೈಕೆ. ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಬೇರೆಯವರ ಆಸರೆಯಲ್ಲೇ ಇದ್ದವರು ಎರಡೂ ಕಡೆ ನೂರಕ್ಕೆ 47. ವ್ಯತ್ಯಾಸವೇ ಇಲ್ಲ.

ಇದನ್ನು ಓದಿ ಮನೆಯವರು ಕೈಬಿಡಬಾರದು. ನಾನು ಇದರಿಂದ ತಿಳಿದುಕೊಂಡಿದ್ದು ಇಷ್ಟು: ನಾಲ್ಕು ಅಭ್ಯಾಸ ತೋರಿಸಿ ಕಳಿಸಿದರೆ ಮನೆಯವರು ಥೆರಪಿಸ್ಟ್‌ನ ಜಾಗ ತುಂಬಲು ಆಗುವುದಿಲ್ಲ. ಪೇಶಂಟ್ ಸುಧಾರಿಸಿದ ಹಾಗೆ ಅಭ್ಯಾಸವನ್ನು ಕಷ್ಟ ಮಾಡುತ್ತಾ ಹೋಗಬೇಕು, ಅದಕ್ಕೆ ಕಣ್ಣು ಪಳಗಿರಬೇಕು. ಥೆರಪಿಸ್ಟ್ ವಾರಕ್ಕೊಮ್ಮೆಯಾದರೂ ನೋಡಿ ಬದಲಿಸುತ್ತಾ, ಮನೆಯವರು ದಿನಾ ಮಾಡಿಸುತ್ತಾ ಹೋದರೆ ಎರಡೂ ಕೂಡುತ್ತವೆ. ದೂರದ ಹಳ್ಳಿಯವರಿಗೆ ವಿಡಿಯೋ ಕಾಲ್ ಕೂಡ ಆಗುತ್ತದೆ. 2019ರಲ್ಲಿ ಪ್ರಕಟವಾದ, ಅಮೆರಿಕದ 124 ಪೇಶಂಟ್‌ಗಳ ಮೇಲೆ ನಡೆದ ಪ್ರಯೋಗದಲ್ಲಿ, ಕೈಯ ಥೆರಪಿಯನ್ನು ಮನೆಯಿಂದಲೇ ಟೆಲಿ ಮೂಲಕ ಮಾಡಿದವರು ಕ್ಲಿನಿಕ್ಕಿಗೆ ಹೋದವರಿಗಿಂತ ಹಿಂದೆ ಬೀಳಲಿಲ್ಲ. ಅಷ್ಟೇ ಸೆಷನ್, ಅಷ್ಟೇ ಹೊತ್ತು ಎಂಬುದು ಅಲ್ಲಿನ ಷರತ್ತು.

ಕೈಗೆ ಯಾವುದು?

ಕೈ ನಿಧಾನ. ಕಾಲು ಮೊದಲು ಬರುತ್ತದೆ, ಕೈ ಆಮೇಲೆ, ಬೆರಳು ಕೊನೆಗೆ. ಜನ ಬೇಗ ಬೇಸರಪಡುವುದೂ, ಹಣ ಸುಮ್ನೆ ಹೋಗುವುದೂ ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಮೊದಲು ಒಂದು ಸಣ್ಣ ಪರೀಕ್ಷೆ. ಮೇಜಿನ ಮೇಲೆ ಒಂದು ಹಳೆಯ ಕೈವಸ್ತ್ರ ಇಡಿ. ಸೋತ ಕೈಯಿಂದ ಹೇಗಾದರೂ ಅದನ್ನು ಹಿಡಿದೆತ್ತಿ, ಮತ್ತೆ ಬಿಡಲು ಆಗುತ್ತದಾ ನೋಡಿ. ಹಿಡಿಯುವುದಕ್ಕಿಂತ ಬಿಡುವುದು ಕಷ್ಟ. ಅದನ್ನೇ ಗಮನಿಸಿ. ಮಣಿಕಟ್ಟು ಮೇಲಕ್ಕೆ ಸ್ವಲ್ಪವಾದರೂ ಏಳುತ್ತದಾ, ಬೆರಳು ಬಿಚ್ಚುತ್ತವಾ ನೋಡಿ.

ಸ್ವಲ್ಪವಾದರೂ ಬಿಚ್ಚಿದರೆ, ಒಳ್ಳೆಯ ಕೈಯನ್ನು ತಡೆದು ಸೋತ ಕೈಯಿಂದಲೇ ಮಾಡಿಸುವ ಪದ್ಧತಿ ಇದೆ. ಸಿ.ಐ.ಎಂ.ಟಿ. ಅನ್ನುತ್ತಾರೆ. ನನ್ನ ಮೊದಲ ಆಯ್ಕೆ ಇದೇ. ಒಳ್ಳೆಯ ಕೈಗೆ ದಪ್ಪ ಕೈಗವಸು ಹಾಕಿ, ಊಟ, ಬಾಗಿಲು, ಲೋಟ ಎಲ್ಲವನ್ನೂ ಸೋತ ಕೈಗೇ ಬಿಡುವುದು. 2006ರ ಎಕ್ಸೈಟ್ ಪ್ರಯೋಗದಲ್ಲಿ ಲಕ್ವಾ ಆಗಿ 3ರಿಂದ 9 ತಿಂಗಳಾದ 222 ಜನರಿದ್ದರು. ಎರಡು ವಾರ, ಎಚ್ಚರ ಇರುವ ಹೊತ್ತಿನ ನೂರಕ್ಕೆ 90 ಭಾಗ ಒಳ್ಳೆಯ ಕೈ ಗವಸಿನಲ್ಲಿ, ಜೊತೆಗೆ ದಿನಕ್ಕೆ 6 ಗಂಟೆವರೆಗೆ ಅಭ್ಯಾಸ. ಸುಧಾರಣೆ ಒಂದು ವರ್ಷದ ನಂತರವೂ ಉಳಿದಿತ್ತು. ನಮ್ಮ ಮನೆಗಳಲ್ಲಿ 6 ಗಂಟೆ ಕಷ್ಟ. ದಿನಕ್ಕೆ ಎರಡು ಮೂರು ಗಂಟೆಯ ಹಗುರ ರೂಪವನ್ನು ಮಾಡಿಸುತ್ತೇವೆ. ಎಚ್ಚರಿಕೆ ಒಂದಿದೆ: ನಡೆಯುವಾಗ, ಬಚ್ಚಲಿಗೆ ಹೋಗುವಾಗ ಗವಸು ತೆಗೆಯಿರಿ. ಬೀಳುವ ಹೊತ್ತಿಗೆ ಹಿಡಿಯಲು ಒಳ್ಳೆಯ ಕೈ ಬೇಕು.

ಅಭ್ಯಾಸಕ್ಕೆ ರಬ್ಬರ್ ಚೆಂಡು ಹಿಸುಕುವುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದು ಇಷ್ಟ ಇಲ್ಲ. ಲಕ್ವಾ ಆದ ಕೈ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಬೇಕಿರುವುದು ಬಿಚ್ಚುವ ಅಭ್ಯಾಸ. ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ಬೇಕಾದ್ದೆಲ್ಲ ಇದೆ. ಮೊರದಲ್ಲಿ ತೊಗರಿ ಹರಡಿ ಕಲ್ಲು ಆರಿಸುವುದು, ಬೆಳ್ಳುಳ್ಳಿ ಬಿಡಿಸುವುದು, ಮೆಂತ್ಯ ಸೊಪ್ಪು ಸೋಸುವುದು.

ಸೇಡಂ ರಸ್ತೆಯ ಒಂದು ಮನೆಯಲ್ಲಿ ಒಬ್ಬ ತಾಯಿಗೆ ಬಲಗೈ ಸೋತಿತ್ತು. ಬೆರಳು ಅರ್ಧ ಬಿಚ್ಚುತ್ತಿದ್ದವು. ಚೆಂಡು, ಕೋನ್, ಮರದ ಗುಂಡು ಯಾವುದಕ್ಕೂ ಮನಸ್ಸು ಕೊಡುತ್ತಿರಲಿಲ್ಲ. ಒಂದು ದಿನ ಜೋಳದ ಹಿಟ್ಟು ನಾದಿ ಒಂದು ಉಂಡೆಯನ್ನು ಕೊಣಮಿಗೆಯಲ್ಲಿ ಮುಂದಿಟ್ಟೆವು. ಒಲೆ ಹಚ್ಚಲಿಲ್ಲ, ಸ್ಪರ್ಶ ಕಡಿಮೆ ಇರುವ ಕೈಗೆ ಬೆಂಕಿ ಬೇಡ. ಸೊಸೆ ಪಕ್ಕದಲ್ಲಿ ಕೈಕಟ್ಟಿ ಕೂರಬೇಕು ಅನ್ನುವುದು ಒಪ್ಪಂದ. ಆ ತಾಯಿ ಎಡಗೈಯಿಂದ ಉಂಡೆ ತಿರುಗಿಸುತ್ತಾ ಬಲಗೈ ಬಡಿದರು. ಮೊದಲು ಮುಷ್ಟಿಯೇ ಬಿತ್ತು. ಹಿಟ್ಟಿನಲ್ಲಿ ಗೆಣ್ಣಿನ ಗುರುತು ಮೂಡಿತು. “ಹಿಂಗಲ್ಲ” ಅಂತ ತಾವೇ ಅಂದುಕೊಂಡು ಬೆರಳು ಬಿಚ್ಚಲು ನೋಡಿದರು. ಅಂಚು ಸೀಳಿದ, ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗಿನ ರೊಟ್ಟಿ ಆಯಿತು. ಅದನ್ನು ಮುದ್ದೆ ಮಾಡಿ ಮತ್ತೆ ಬಡಿದರು. ಮೂವತ್ತು ಸಲ ಚೆಂಡು ಹಿಸುಕಲು ಒಪ್ಪದವರು ಅವತ್ತು ಕೈ ಎಷ್ಟು ಸಲ ಎತ್ತಿದರೋ, ನಾನು ಎಣಿಸುವುದನ್ನು ಬಿಟ್ಟೆ.

ಕೈ ಒಂಚೂರೂ ಅಲುಗದಿದ್ದರೆ ಸಿ.ಐ.ಎಂ.ಟಿ. ಬೇಡ. ಪೇಶಂಟ್‌ಗೆ ಅದು ಹಿಂಸೆ. ಆಗ ಕನ್ನಡಿ ಥೆರಪಿ. ನಡುವೆ ಕನ್ನಡಿ ನಿಲ್ಲಿಸಿ, ಸೋತ ಕೈ ಕನ್ನಡಿಯ ಹಿಂದೆ, ಒಳ್ಳೆಯ ಕೈ ಮುಂದೆ. ಒಳ್ಳೆಯ ಕೈ ಅಲುಗಿದರೆ ಕನ್ನಡಿಯಲ್ಲಿ ಸೋತ ಕೈಯೇ ಅಲುಗಿದಂತೆ ಕಾಣುತ್ತದೆ. ಹಿಂದಿರುವ ಕೈಯಿಂದಲೂ ಅದನ್ನೇ ಮಾಡಲು ಪ್ರಯತ್ನಿಸಬೇಕು. 2018ರಲ್ಲಿ 62 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ ವಿಮರ್ಶೆ ಇದರಿಂದ ಲಾಭ ಇದೆ ಎಂದಿತು. ಖರ್ಚು ಒಂದು ಕನ್ನಡಿ. ಮಾಡುವ ಮುಂಚೆ ಒಳ್ಳೆಯ ಕೈಯ ಬಳೆ, ಉಂಗುರ, ವಾಚ್ ತೆಗೆಸಿ. ಎರಡೂ ಕೈ ಒಂದೇ ಥರ ಕಾಣದಿದ್ದರೆ ಮಿದುಳು ನಂಬುವುದಿಲ್ಲ. ದಿನಕ್ಕೆ ಅರ್ಧ ಗಂಟೆ, ಕೋಣೆಯಲ್ಲಿ ಗಲಾಟೆ ಇರಬಾರದು. ಟಿ.ವಿ. ಆಫ್ ಮಾಡಿ.

ಇನ್ನು ‘ಕರೆಂಟ್’. ಇದರಲ್ಲಿ ಎರಡು ಥರ ಇದೆ. ಪ್ಯಾಡ್ ಅಂಟಿಸಿ, ಪೇಶಂಟ್ ಮಲಗಿ, ಜುಮು ಜುಮು ಅನ್ನಿಸಿ ಕಳಿಸುವುದು ಒಂದು. ಅದರಿಂದ ಕೈ ಬರುತ್ತದೆ ಅಂತ ನಾನು ಹೇಳಲಾರೆ. ಮಣಿಕಟ್ಟು ಎತ್ತುವ ಸ್ನಾಯುವಿಗೇ ಕರೆಂಟ್ ಕೊಟ್ಟು, ಅದೇ ಕ್ಷಣ ಪೇಶಂಟೂ “ಎತ್ತು” ಅಂತ ತಾನೇ ಪ್ರಯತ್ನಪಟ್ಟು, ಲೋಟ ಹಿಡಿದು ಬಿಡುವುದು ಇನ್ನೊಂದು. ಅದು ಉಪಯೋಗಕ್ಕೆ ಬರುತ್ತದೆ. ನಿಮ್ಮ ಕ್ಲಿನಿಕ್ಕಿನಲ್ಲಿ ಯಾವುದು ಮಾಡುತ್ತಾರೆ ಅಂತ ಒಂದು ದಿನ ಪಕ್ಕದಲ್ಲಿ ಕೂತು ನೋಡಿ.

ಕೈಯ ಅಭ್ಯಾಸ ಮಾಡಿಸುವ ರೋಬೋಟ್ ಮಶಿನ್ ಬಗ್ಗೆ ಈಗ ಜಾಹೀರಾತು ಜಾಸ್ತಿ. ಬ್ರಿಟನ್ನಿನ ರ್‍ಯಾಟಲ್ಸ್ ಪ್ರಯೋಗ 2019ರಲ್ಲಿ ಬಂತು, 770 ಪೇಶಂಟ್‌ಗಳು. ರೋಬೋಟ್ ಥೆರಪಿ ಪಡೆದವರ ಕೈಕೆಲಸ ಮಾಮೂಲಿ ಆರೈಕೆಯವರಿಗಿಂತ ಸುಧಾರಿಸಲಿಲ್ಲ. ನಿಮ್ಮ ಸೆಂಟರಿನಲ್ಲಿ ಅದು ಇದ್ದರೆ ಬಳಸಿ. ಅದಕ್ಕಾಗಿಯೇ ಊರು ಬಿಟ್ಟು ಹೋಗಬೇಡಿ.

ಕೈ ಬಿಗಿದು ಮುಷ್ಟಿ ಬಿಡದಿದ್ದರೆ, ಅಂಗೈ ಬೆವರಿ ಹುಣ್ಣಾಗುತ್ತಿದ್ದರೆ, ಬೊಟಾಕ್ಸ್ ಇಂಜೆಕ್ಷನ್ ಬಗ್ಗೆ ನರರೋಗ ತಜ್ಞರನ್ನು ಕೇಳಿ. ಬಿಗಿತ ಇಳಿಯುತ್ತದೆ, ಸುಮಾರು ಮೂರು ತಿಂಗಳು ಇರುತ್ತದೆ. ಆ ಅವಧಿಯಲ್ಲಿ ಸ್ಪ್ಲಿಂಟ್ (ಕೈಯನ್ನು ಬಿಚ್ಚಿದ ಹಾಗೆ ಹಿಡಿದಿಡುವ ಆಸರೆ) ಹಾಕಿ, ಅಭ್ಯಾಸ ಮಾಡಿದರೆ ಮಾತ್ರ ಹಣ ಸಾರ್ಥಕ. ಬಿಗಿತ ಇಳಿಸುವ ಬ್ಯಾಕ್ಲೋಫೆನ್ ಮಾತ್ರೆ ಅಗ್ಗ, ಆದರೆ ನಿದ್ದೆ ತರಿಸುತ್ತದೆ, ಮಂಪರಿನಲ್ಲಿ ಅಭ್ಯಾಸ ನಡೆಯುವುದಿಲ್ಲ.

ಒಂದು ಮಾತು ಎಲ್ಲರಿಗೂ: ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಬೇಡಿ. ಭುಜದ ಕೀಲು ಜಾರಿರಬಹುದು. ಛಾವಣಿಗೆ ಹಗ್ಗ, ರಾಟೆ ಕಟ್ಟಿ ಕೈ ಎಳೆಸುವುದೂ ಬೇಡ. ಭುಜ ನೋವು ಶುರುವಾದರೆ ಉಳಿದ ಥೆರಪಿ ಎಲ್ಲಾ ನಿಲ್ಲುತ್ತದೆ.

ಕಾಲಿಗೆ, ನಡಿಗೆಗೆ

ಇಲ್ಲಿ ತೀರ್ಮಾನ ಸುಲಭ. ದೇಹವನ್ನು ಬೆಲ್ಟಿನಲ್ಲಿ ತೂಗುಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸುವುದನ್ನೂ, ಫಿಜಿಯೋ ಮನೆಗೇ ಬಂದು ಮಾಡಿಸುವ ಅಭ್ಯಾಸವನ್ನೂ ಲೀಪ್ಸ್ ಅನ್ನುವ ಪ್ರಯೋಗ 408 ಜನರಲ್ಲಿ ಹೋಲಿಸಿತು. ಫಲಿತಾಂಶ 2011ರಲ್ಲಿ ಬಂತು. ಒಂದು ವರ್ಷಕ್ಕೆ ಎಲ್ಲ ಗುಂಪು ಸೇರಿ ನೂರಕ್ಕೆ 52 ಜನರ ನಡಿಗೆ ಮೇಲಿನ ಹಂತಕ್ಕೆ ಏರಿತ್ತು. ಗುಂಪುಗಳ ನಡುವೆ ವ್ಯತ್ಯಾಸ ಇರಲಿಲ್ಲ. ಮನೆಯ ಗುಂಪು ಮಾಡಿದ್ದು ಬಲ ಮತ್ತು ಸಮತೋಲನದ ಅಭ್ಯಾಸ. ಟ್ರೆಡ್‌ಮಿಲ್ ಇಲ್ಲ ಅಂತ ಕೊರಗಬೇಕಿಲ್ಲ.

ಮನೆಯಲ್ಲಿ ಮಾಡಿಸಬೇಕಾದ ಮುಖ್ಯ ಅಭ್ಯಾಸ ಕುರ್ಚಿಯಿಂದ ಎದ್ದು ನಿಂತು ಕೂರುವುದು. ಗಟ್ಟಿ ಕುರ್ಚಿ, ಗೋಡೆಗೆ ತಾಗಿಸಿ ಇಡಿ. ಹೊರಸು ಜೋತುಬಿದ್ದು ಸೊಂಟ ಒಳಗೆ ಇಳಿಯುತ್ತದೆ, ಅಲ್ಲಿಂದ ಏಳಲು ಆರೋಗ್ಯವಂತರೇ ಕೈ ಊರಬೇಕು. ಕೆಲವು ತಿಂಗಳು ಗಟ್ಟಿ ಮಂಚ ಬಳಸಿ. ನಮ್ಮ ಮನೆಗಳ ಶಹಾಬಾದ್ ಕಲ್ಲು ಒದ್ದೆಯಾದರೆ ಜಾರುತ್ತದೆ. ಬಚ್ಚಲಿಗೆ ಒರಟು ಮ್ಯಾಟ್, ಗೋಡೆಗೆ ಹಿಡಿಕೆ, ಕಮೋಡ್ ಕುರ್ಚಿ, ಇವು ಮೊದಲ ವಾರದ ಖರ್ಚು. ಪಾದ ಜೋತುಬಿದ್ದು ಬೆರಳು ನೆಲಕ್ಕೆ ತಾಗುತ್ತಿದ್ದರೆ ಪಾದ ಎತ್ತಿ ಹಿಡಿಯುವ ಸ್ಪ್ಲಿಂಟ್ ಬೇಗ ಹಾಕಿಸಿ. ಅದು ಹಾಕಿದರೆ ಕಾಲು ಸೋಮಾರಿ ಆಗುತ್ತದೆ ಅನ್ನುವುದು ತಪ್ಪು, ಅದರಿಂದ ಹೆಜ್ಜೆ ಹೆಚ್ಚುತ್ತವೆ. ಬೇಸಿಗೆಯಲ್ಲಿ ನಡಿಗೆ ಬೆಳಗ್ಗೆ ಎಂಟರೊಳಗೆ ಮುಗಿಯಲಿ.

ಮಾತು ಮತ್ತು ನುಂಗುವುದು

ನುಂಗುವುದು ಮೊದಲು. ನೀರು ಕುಡಿದರೆ ಕೆಮ್ಮು, ಕುಡಿದ ಮೇಲೆ ಧ್ವನಿ ಗೊರಗೊರ ಆದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಯವರಿಗೆ ತೋರಿಸಿ. ಮಲಗಿಸಿ ಚಮಚದಲ್ಲಿ ಗಂಜಿ ಹುಯ್ಯುವುದು ನ್ಯುಮೋನಿಯಾಕ್ಕೆ ದಾರಿ.

ಮಾತಿನ ಥೆರಪಿಸ್ಟ್‌ಗಳು ನಮ್ಮ ಕಡೆ ಕಡಿಮೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಮಾತನ್ನು ಕೈಬಿಟ್ಟೇ ಬಿಡುತ್ತಾರೆ. ನನಗೆ ತುಂಬಾ ನೋವಾಗುವುದು ಇದಕ್ಕೇ. ಜರ್ಮನಿಯಲ್ಲಿ ಲಕ್ವಾ ಆಗಿ ಆರು ತಿಂಗಳು ದಾಟಿದ, ಮಾತು ತೊಡರುವ 158 ಜನರಿಗೆ ಮೂರು ವಾರ, ವಾರಕ್ಕೆ ಕನಿಷ್ಠ 10 ಗಂಟೆ ಥೆರಪಿ ಕೊಟ್ಟರು. ದಿನನಿತ್ಯದ ಮಾತುಕತೆ ಸುಧಾರಿಸಿತು. 2017ರಲ್ಲಿ ಪ್ರಕಟವಾದ ಅಧ್ಯಯನ ಇದು. ವಾರಕ್ಕೊಂದು ಗಂಟೆ, ವರ್ಷಪೂರ್ತಿ ಅನ್ನುವುದಕ್ಕಿಂತ ಒತ್ತಾಗಿ ಕೆಲವು ವಾರ ಮಾಡುವುದು ಮೇಲು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸ ಮಾಡುತ್ತಿದೆ. ಅಲ್ಲಿ ಟೆಲಿ ಥೆರಪಿಯೂ ಇದೆ, ಕೇಳಿ ನೋಡಿ.

ಭಾಷೆಯನ್ನು ಮರೆಯಬೇಡಿ. ಬೀದರ್ ಮನೆಯಲ್ಲಿ ಒಳಗೆ ಕನ್ನಡ, ಅಂಗಡಿಯಲ್ಲಿ ಉರ್ದು, ಬೀಗರ ಜೊತೆ ಮರಾಠಿ ಇರಬಹುದು. ಪೇಶಂಟ್ ಮನೆಯೊಳಗೆ ಆಡುತ್ತಿದ್ದ ಭಾಷೆಯಲ್ಲೇ ಶುರು ಮಾಡಿಸಿ. ಮಾತು ಬಾರದವರಿಗೂ ಎಷ್ಟೋ ಸಲ ಹಾಡು ಬರುತ್ತದೆ. ಭಜನೆ, ತತ್ವಪದ, ನಾತ್ ಯಾವುದು ಬಾಯಿಪಾಠ ಇತ್ತೋ ಅದನ್ನು ಜೊತೆಗೆ ಹಾಡಿ, ನಡುವೆ ಒಂದು ಪದ ಬಿಟ್ಟು ಕಾಯಿರಿ.

ಎಣ್ಣೆ, ಬೇರು, ಇಂಜೆಕ್ಷನ್

ಎಣ್ಣೆ ತಿಕ್ಕುವುದನ್ನು ನಾನು ಬೇಡ ಅನ್ನುವುದಿಲ್ಲ. ಮೈ ಸಡಿಲ ಆಗುತ್ತದೆ, ಮುಟ್ಟಿದವರ ಪ್ರೀತಿ ತಿಳಿಯುತ್ತದೆ. ಅಭ್ಯಾಸಕ್ಕೆ ಮುಂಚೆ ಮಾಡಿ. ಎಣ್ಣೆ ಉಗುರುಬೆಚ್ಚಗಿರಲಿ. ಸ್ಪರ್ಶ ಇಲ್ಲದ ಕಾಲು ಸುಟ್ಟರೂ ಪೇಶಂಟ್‌ಗೆ ಗೊತ್ತಾಗುವುದಿಲ್ಲ. ಆದರೆ ತಿಕ್ಕುವುದೇ ಥೆರಪಿ ಅಂದುಕೊಂಡು ಮೊದಲ ಮೂರು ತಿಂಗಳು ಕಳೆದರೆ ಆ ಕಾಲ ವಾಪಸ್ ಬರುವುದಿಲ್ಲ. ಪಾರಿವಾಳದ ರಕ್ತ ಹಚ್ಚುವುದರಿಂದ ಏನೂ ಲಾಭ ಇಲ್ಲ, ಸೋಂಕಿನ ಭಯ ಇದೆ.

ನಿಜವಾದ ಅಪಾಯ ಬೇರೆ. ಕೆಲವು ಕಡೆ ಬೇರಿನ ಔಷಧಿ ಕೊಟ್ಟು “ಇಂಗ್ಲಿಷ್ ಗುಳಿಗಿ ಬಂದ್ ಮಾಡ್ರಿ” ಅನ್ನುತ್ತಾರೆ. ರಕ್ತ ತೆಳುವಾಗಿಸುವ ಗುಳಿಗೆ, ಬಿ.ಪಿ. ಗುಳಿಗೆ, ಕೊಬ್ಬಿನ ಗುಳಿಗೆ ನಿಲ್ಲಿಸಿದರೆ ಎರಡನೇ ಲಕ್ವಾ ಬರಬಹುದು. ಅದಾದರೆ ಆವರೆಗೆ ಗಳಿಸಿದ್ದೆಲ್ಲ ಹೋಗುತ್ತದೆ. ಎಲ್ಲಿಗೆ ಬೇಕಾದರೂ ಹೋಗಿ, ಗುಳಿಗೆ ಮಾತ್ರ ಡಾಕ್ಟರನ್ನು ಕೇಳದೆ ಬಿಡಬೇಡಿ.

ನರಕ್ಕೆ ಶಕ್ತಿ ಅಂತ ತಿಂಗಳುಗಟ್ಟಲೆ ಬರೆಯುವ ಸಿಟಿಕೋಲಿನ್ ಔಷಧಿಯನ್ನು 2012ರ ಇಕ್ಟಸ್ ಪ್ರಯೋಗ 2298 ಜನರಲ್ಲಿ ನೋಡಿತು, ಲಾಭ ಕಾಣಲಿಲ್ಲ. ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಲಕ್ವಾಕ್ಕೆ ಐ.ಸಿ.ಎಂ.ಆರ್., ಅಂದರೆ ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ, ಒಪ್ಪಿಲ್ಲ. ಹೊಲ ಮಾರಿ ಅದಕ್ಕೆ ಹಾಕುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಆ ಹಣದಲ್ಲಿ ವರ್ಷಗಟ್ಟಲೆ ಒಳ್ಳೆಯ ಫಿಜಿಯೋ ಸಿಗುತ್ತದೆ.

ಮನಸ್ಸಿನ ವಿಷಯವೂ ಇದೆ. ಲಕ್ವಾ ಆದ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. “ಮುತ್ಯಾ ಹಟ ಮಾಡ್ತಾನ, ಥೆರಪಿ ಒಲ್ಲೆ ಅಂತಾನ” ಅಂದರೆ ಅದು ಹಟವೇ ಆಗಿರಬೇಕೆಂದಿಲ್ಲ. ಡಾಕ್ಟರಿಗೆ ಹೇಳಿ, ಅದಕ್ಕೆ ಚಿಕಿತ್ಸೆ ಇದೆ.

ಆರಿಸಿದ್ದು ಸರಿ ಇದೆಯೇ ಅಂತ ನೋಡುವುದು ಹೇಗೆ?

ಒಂದು ನೋಟ್‌ಬುಕ್ ಇಡಿ. ಪ್ರತಿ ಭಾನುವಾರ ಮೂರು ಲೆಕ್ಕ ಬರೆಯಿರಿ. ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದರು. ಹತ್ತು ಮೀಟರ್ ನಡೆಯಲು ಎಷ್ಟು ಸೆಕೆಂಡ್ ಬೇಕಾಯಿತು. ಒಂದು ನಿಮಿಷದಲ್ಲಿ ಸೋತ ಕೈಯಿಂದ ಎಷ್ಟು ತೊಗರಿ ಕಾಳು ತಟ್ಟೆಯಿಂದ ಬಟ್ಟಲಿಗೆ ಹಾಕಿದರು. ಕೈ ಅಲುಗದಿದ್ದರೆ ಬೆರಳಿನ ಒಂದು ವಿಡಿಯೋ ಸಾಕು. ದಿನಾ ನೋಡುವವರಿಗೆ ಸುಧಾರಣೆ ಕಾಣುವುದಿಲ್ಲ, ಅದಕ್ಕೇ ಈ ಲೆಕ್ಕ.

ನಾಲ್ಕು ವಾರ ದಿನಾ ಮಾಡಿಸಿದರೂ ಯಾವ ಲೆಕ್ಕವೂ ಕದಲದಿದ್ದರೆ ಆ ನೋಟ್‌ಬುಕ್ ತೆಗೆದುಕೊಂಡು ಥೆರಪಿಸ್ಟ್ ಹತ್ತಿರ ಕೂತು ಮಾತಾಡಿ. ಅಭ್ಯಾಸ ಸುಲಭ ಆಯಿತೇ, ಬಿಗಿತ ಅಡ್ಡ ಬರುತ್ತಿದೆಯೇ, ಮನಸ್ಸು ಕುಗ್ಗಿದೆಯೇ, ಪದ್ಧತಿಯನ್ನೇ ಬದಲಿಸಬೇಕೇ ಅಂತ ಕೇಳಿ. ಬೇಜಾರು ಮಾಡಿಕೊಳ್ಳದೆ ನಿಮ್ಮ ಲೆಕ್ಕ ನೋಡುವ ಥೆರಪಿಸ್ಟ್ ಸಿಕ್ಕರೆ ಅವರನ್ನು ಬಿಡಬೇಡಿ.

ನಿಧಾನವಾಗಿ ನಿಂತುಹೋಗುವುದು ಬೇರೆ, ಒಮ್ಮೆಲೇ ಕೆಡುವುದು ಬೇರೆ. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಇನ್ನೊಂದು ಕೈ ಸೋತರೆ ಗಡಿಯಾರ ನೋಡಿ ಹೊತ್ತು ಬರೆದುಕೊಂಡು 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ನಾಲ್ಕೂವರೆ ಗಂಟೆ. ಕೊನೆಯ ಸಲ ಸರಿಯಾಗಿದ್ದನ್ನು ಯಾರು, ಎಷ್ಟು ಹೊತ್ತಿಗೆ ನೋಡಿದ್ದು ಅನ್ನುವುದೇ ಆಸ್ಪತ್ರೆಯವರು ಕೇಳುವ ಮೊದಲ ಪ್ರಶ್ನೆ.